ಅರವತ್ತಾರು ವರ್ಷಗಳ ಕಾಗದಗಳು

ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನ್ಯೂಜೆರ್ಸಿಯಿಂದ ರಜೆಗೆಂದು ಊರಿಗೆ ಬಂದವನು ನನ್ನನ್ನೂ ನೋಡಿಕೊಂಡು ಹೋಗಲು ಮನೆಗೆ ಬಂದಿದ್ದ. ಅಮೆರಿಕದಿಂದ ಬರುವವರು ಮೇಷ್ಟರಿಗೆಂದು ಬಾದಾಮಿ, ಚಾಕೊಲೇಟು, ಮಂಡಿನೋವಿನ ಮುಲಾಮು ತರುವುದು ವಾಡಿಕೆ. ಇವನು ತಂದದ್ದು ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡ ಒಂದು ದಪ್ಪ ಗ್ರಂಥವನ್ನು. "ಸಾರ್, ಇವರಿಬ್ಬರಲ್ಲಿ ಒಬ್ಬರು ನಮ್ಮ ನ್ಯೂಜೆರ್ಸಿಯಲ್ಲೇ ಇದ್ದವರು. ಜೀವಮಾನವಿಡೀ ಒಬ್ಬರಿಗೊಬ್ಬರು ಕಾಗದ ಬರೆದುಕೊಂಡರಂತೆ. ನೋಡಿದ ಕೂಡಲೆ ನಿಮ್ಮ ನೆನಪಾಯಿತು" ಎಂದ. ನನ್ನ ನೆನಪು ಏಕಾಯಿತೆಂದು ನಾನು ಕೇಳಲಿಲ್ಲ. ತರಗತಿಯಲ್ಲಿ ಪತ್ರಲೇಖನಕ್ಕೆ ಅಂಕ ಕತ್ತರಿಸುವುದರಲ್ಲಿ ನಾನು ಕುಖ್ಯಾತನಾಗಿದ್ದೆನೆಂಬುದು ನಿಮಗೆಲ್ಲ ತಿಳಿದೇ ಇದೆ.

ಆ ಗ್ರಂಥ ಮಾಲ್ಕಮ್ ಕೌಲಿ ಮತ್ತು ಕೆನೆತ್ ಬರ್ಕ್ ಎಂಬ ಇಬ್ಬರು ಅಮೆರಿಕನ್ ಲೇಖಕರ ಆಯ್ದ ಪತ್ರಗಳ ಸಂಕಲನ. 1915ರಿಂದ 1981ರವರೆಗಿನ ಕಾಗದಗಳು. ಪಾಲ್ ಜೇ ಎಂಬುವರು ಸಂಪಾದಿಸಿ 1988ರಲ್ಲಿ ಪ್ರಕಟಿಸಿದಾಗ ಬರೆದವರಿಬ್ಬರೂ ಜೀವಂತವಾಗಿದ್ದರು. ತಮ್ಮ ಹದಿನೆಂಟನೆಯ ವಯಸ್ಸಿನ ಬಡಾಯಿಯನ್ನು ತೊಂಬತ್ತರ ಹೊಸ್ತಿಲಲ್ಲಿ ಅಚ್ಚಿನಲ್ಲಿ ಕಾಣುವ ಯೋಗ ಎಷ್ಟು ಜನಕ್ಕೆ ಒದಗೀತು! ಅದು ಸುಯೋಗವೋ ದುರ್ಯೋಗವೋ ಎಂಬುದು ಬೇರೆ ಮಾತು.

ಇಬ್ಬರನ್ನೂ ಮೊದಲು ಪರಿಚಯಿಸುತ್ತೇನೆ. ಕೌಲಿ ಹುಟ್ಟಿದ್ದು 1898ರಲ್ಲಿ, ಬರ್ಕ್ 1897ರಲ್ಲಿ. ಪೆನ್ಸಿಲ್ವೇನಿಯಾದ ಉಕ್ಕಿನ ಊರಾದ ಪಿಟ್ಸ್‌ಬರ್ಗಿನಲ್ಲಿ ಕೌಲಿಯ ತಂದೆ ಹೋಮಿಯೋಪತಿ ವೈದ್ಯರು. ಬರ್ಕ್‌ನ ಮನೆಯವರು ಅವರ ಬಳಿ ಬರುತ್ತಿದ್ದರಾಗಿ ಹುಡುಗರಿಬ್ಬರೂ ಅಂಗಿ ತೊಡುವುದನ್ನು ಕಲಿಯುವ ವಯಸ್ಸಿನಲ್ಲೇ ಪರಸ್ಪರ ಮುಖ ನೋಡಿದವರು. ಆಮೇಲೆ ಪೀಬಡಿ ಹೈಸ್ಕೂಲಿನಲ್ಲಿ ಸಹಪಾಠಿಗಳಾದರು. ಹೈಸ್ಕೂಲು ಮೇಷ್ಟರಾದ ನನಗೆ ಇದೊಂದು ಹೆಮ್ಮೆಯ ಸಂಗತಿ. ಲೋಕದ ದೊಡ್ಡ ಸ್ನೇಹಗಳು ಕಾಲೇಜಿನಲ್ಲಿ ಬೆಳೆಯಬಹುದು, ಮೊಳೆಯುವುದು ಹೈಸ್ಕೂಲಿನ ಬೆಂಚಿನ ಮೇಲೆಯೇ ಎಂದು ನಾನು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ.

ಕೌಲಿ ಹಾರ್ವರ್ಡಿಗೆ ಹೋದರು. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಯುದ್ಧಸಾಮಗ್ರಿಯ ಟ್ರಕ್ಕು ಓಡಿಸಿದರು. ಬರ್ಕ್ ಎರಡು ವಿಶ್ವವಿದ್ಯಾಲಯಗಳ ಮೆಟ್ಟಿಲು ಹತ್ತಿ, ಎರಡನ್ನೂ ಇಳಿದು ಬಂದು, ತಾನೇ ಓದಿಕೊಳ್ಳುತ್ತೇನೆಂದು ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ಕೋಣೆ ಹಿಡಿದರು. ಪದವಿಯೇ ಇಲ್ಲದ ಈ ಮನುಷ್ಯ ಮುಂದೆ 1943ರಿಂದ 1961ರವರೆಗೆ ಬೆನಿಂಗ್ಟನ್ ಕಾಲೇಜಿನಲ್ಲಿ ಪಾಠ ಹೇಳಿದರು. ನಮ್ಮಲ್ಲಾಗಿದ್ದರೆ ಬಿ.ಎಡ್. ಎಲ್ಲಿ ಎಂದು ಕೇಳಿ ಬಾಗಿಲಿನಲ್ಲೇ ತಡೆಯುತ್ತಿದ್ದೆವು!

1922ರಲ್ಲಿ ಬರ್ಕ್ ನ್ಯೂಜೆರ್ಸಿಯ ಆಂಡೋವರಿನಲ್ಲಿ ಒಂದು ಹಳೆಯ ತೋಟದ ಮನೆ ಕೊಂಡರು. ಬಹಳ ವರ್ಷ ಅಲ್ಲಿ ವಿದ್ಯುತ್ತಿರಲಿಲ್ಲ, ಕೊಳಾಯಿ ಇರಲಿಲ್ಲ. ಅದರ ಬಗ್ಗೆ ಅವರಿಗೆ ಬೇಸರಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು. ಕೌಲಿ 1936ರಿಂದ ಕನೆಕ್ಟಿಕಟ್ಟಿನ ಶರ್ಮನ್ ಎಂಬ ಸಣ್ಣ ಊರಿನಲ್ಲಿ, ಹಳೆಯ ಕೊಟ್ಟಿಗೆಯೊಂದನ್ನು ಮನೆಯಾಗಿ ಮಾರ್ಪಡಿಸಿಕೊಂಡು ನೆಲಸಿದರು. ನಡುವೆ ನ್ಯೂಯಾರ್ಕು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ತಲುಪಬಹುದಾದಷ್ಟೇ ದೂರ. ಆದರೂ ಅವರು ಕಾಗದಗಳಲ್ಲೇ ಬದುಕಿದರು. ಹತ್ತಿರವಿದ್ದೂ ಎದುರಿಗಿಲ್ಲದಿರುವುದು ಸ್ನೇಹಕ್ಕೆ ಹಿತವಾದ ದೂರವೆಂದು ನನಗೆ ಅನ್ನಿಸುತ್ತದೆ. ಎದುರಿಗಿದ್ದರೆ ಮಾತು ಜಗಳವಾಗಿ ಮುಗಿಯುತ್ತದೆ; ಕಾಗದದಲ್ಲಿ ಜಗಳ ವಾದವಾಗಿ ಮುಂದುವರಿಯುತ್ತದೆ.

ಇವರ ಸ್ವಭಾವಗಳು ಒಂದಕ್ಕೊಂದು ಹೊಂದುವಂಥವಲ್ಲ. ಕೌಲಿಯದು ತಿಳಿಯಾದ ಗದ್ಯ. 1929ರಿಂದ 1944ರವರೆಗೆ 'ನ್ಯೂ ರಿಪಬ್ಲಿಕ್' ವಾರಪತ್ರಿಕೆಯ ಸಾಹಿತ್ಯ ವಿಭಾಗ ನೋಡಿಕೊಂಡವರು. 1946ರಲ್ಲಿ ಫಾಕ್ನರನ ಬರಹಗಳ ಆಯ್ದ ಸಂಪುಟ ತಂದು, ಜನ ಮರೆಯುತ್ತಿದ್ದ ಆ ಕಾದಂಬರಿಕಾರನನ್ನು ಮತ್ತೆ ಓದುಗರ ಮುಂದೆ ನಿಲ್ಲಿಸಿದವರು. 1959ರಲ್ಲಿ ಅವರು ವಿಟ್ಮನ್ನನ ಕವಿತೆಗಳ ಮೊದಲ ಆವೃತ್ತಿಗೆ ಬರೆದ ಪ್ರಸ್ತಾವನೆ ನಮಗೂ ಸಂಬಂಧಿಸಿದ್ದು. ಆ ಕವಿಯ ಅನುಭಾವವನ್ನು ಉಪನಿಷತ್ತು, ಭಗವದ್ಗೀತೆಗಳ ಪಕ್ಕದಲ್ಲಿಟ್ಟು ನೋಡಬೇಕೆಂದು ವಾದಿಸಿದರು. ಬರ್ಕ್ ಮಾತ್ರ ಕಗ್ಗಂಟಿನ ಲೇಖಕ. ಗದ್ಯವನ್ನು ಬಿಡಿಸುತ್ತ ಹೋದಂತೆ ಇನ್ನೊಂದು ಗಂಟು ಸಿಗುತ್ತದೆ. ಅವರ ದೊಡ್ಡ ಕೃತಿ 1945ರಲ್ಲಿ ಬಂದ 'ಎ ಗ್ರಾಮರ್ ಆಫ್ ಮೋಟಿವ್ಸ್'. ಮನುಷ್ಯರು ಏನನ್ನಾದರೂ ಮಾಡಿದರೆ ಅದನ್ನು ವಿವರಿಸಲು ಐದು ಪ್ರಶ್ನೆಗಳು ಸಾಕು ಎನ್ನುತ್ತಾರೆ: ಕ್ರಿಯೆ, ಸನ್ನಿವೇಶ, ಕರ್ತೃ, ಸಾಧನ, ಉದ್ದೇಶ. ಇದನ್ನು ಓದಿದಾಗ ನನಗೆ ನಗು ಬಂತು. ಒಂಬತ್ತನೆಯ ತರಗತಿಯಲ್ಲಿ ಕಾರಕಗಳನ್ನು ಉರು ಹೊಡೆಸಿದ್ದು ನಿಮಗೆ ನೆನಪಿದೆಯಲ್ಲವೆ? ಕರ್ತೃ, ಕರಣ, ಅಧಿಕರಣ, ಸಂಪ್ರದಾನ ಎಂದು ನಮ್ಮ ವೈಯಾಕರಣರು ವಾಕ್ಯಕ್ಕೆ ಹಾಕಿದ ಕಟ್ಟನ್ನೇ ಈತ ಬದುಕಿಗೆ ಹಾಕಿದ್ದಾರೆ. ಹೋಲಿಕೆ ನನ್ನದು, ತಪ್ಪಿದ್ದರೆ ಅದೂ ನನ್ನದೇ.

ಸ್ಪಷ್ಟವಾಗಿ ಬರೆ ಎಂದು ಕೌಲಿಯ ಒತ್ತಾಯ. ಸ್ಪಷ್ಟತೆಗಾಗಿ ವಿಚಾರವನ್ನು ಸವೆಸಲಾರೆನೆಂದು ಬರ್ಕ್‌ನ ಹಟ. ಈ ವ್ಯಾಜ್ಯ ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1929ರ ಆರ್ಥಿಕ ಕುಸಿತದ ನಂತರ ಇಬ್ಬರೂ ಎಡಪಂಥದತ್ತ ವಾಲಿದರು. ಬಂಡವಾಳಶಾಹಿಯ ಕಾಲ ಮುಗಿಯಿತೆಂದು ಆಗ ಅಮೆರಿಕದ ಅನೇಕ ಲೇಖಕರು ನಂಬಿದ್ದರು. 1935ರ ಏಪ್ರಿಲಿನಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕನ್ ಲೇಖಕರ ಮೊದಲ ಸಮ್ಮೇಳನ ನಡೆಯಿತು, ಇಬ್ಬರೂ ಅಲ್ಲಿದ್ದರು. ಬರ್ಕ್ ಒಂದು ಪ್ರಬಂಧ ಓದಿದರು. ಚಳವಳಿಯ ಸಂಕೇತವಾಗಿ 'ಕಾರ್ಮಿಕ' ಎಂಬ ಶಬ್ದಕ್ಕಿಂತ 'ಜನತೆ' ಎಂಬುದು ಮೇಲು, ಕಾರ್ಮಿಕನ ಕಷ್ಟಕ್ಕೆ ಜನ ಮರುಗಬಹುದು, ಆದರೆ ಯಾರೂ ಅವನಂತಾಗಲು ಬಯಸುವುದಿಲ್ಲ ಎಂಬುದು ಅವರ ವಾದದ ತಿರುಳು. ಸಭೆ ಸಿಡಿದೆದ್ದಿತು. ಹಿಟ್ಲರನೂ 'ಜನತೆ' ಎಂಬ ಶಬ್ದವನ್ನೇ ಬಳಸುತ್ತಾನೆ ಎಂದು ಜರ್ಮನಿಯಿಂದ ಬಂದ ನಾಟಕಕಾರ ಫ್ರೀಡ್ರಿಖ್ ವುಲ್ಫ್ ಛೇಡಿಸಿದರು. ಬರ್ಕ್ ಎಷ್ಟು ನೊಂದರೆಂದರೆ ಮನೆಗೆ ಹೋದಮೇಲೂ ಅರೆನಿದ್ದೆಯಲ್ಲಿ ತಮ್ಮ ಹೆಸರೇ ಬೈಗುಳವಾಗಿ ಕಿವಿಯಲ್ಲಿ ಮೊಳಗುತ್ತಿತ್ತಂತೆ. ಇದನ್ನು ಅವರೇ ಮೂವತ್ತು ವರ್ಷಗಳ ಮೇಲೆ, ಕೌಲಿಯೂ ಭಾಗವಹಿಸಿದ್ದ ಒಂದು ಗೋಷ್ಠಿಯಲ್ಲಿ ನೆನೆದುಕೊಂಡರು. ಆ ಮಾತುಕತೆ 1966ರಲ್ಲಿ 'ಅಮೆರಿಕನ್ ಸ್ಕಾಲರ್' ಪತ್ರಿಕೆಯಲ್ಲಿ ಅಚ್ಚಾಯಿತು. ತಮಾಷೆಯೆಂದರೆ, ಬರ್ಕ್ ಬೈಸಿಕೊಂಡ ಕೆಲವೇ ತಿಂಗಳಲ್ಲಿ, 1935ರ ಬೇಸಿಗೆಯಲ್ಲಿ, ಮಾಸ್ಕೋದಿಂದಲೇ ಜನತಾರಂಗದ ಹೊಸ ನೀತಿ ಹೊರಟಿತು. ಆಗ ಬೈದವರೆಲ್ಲ ಅದೇ ಶಬ್ದವನ್ನು ಜಪಿಸತೊಡಗಿದರು. ಮುಂಚಿತವಾಗಿ ಸರಿಯಾಗಿರುವುದೂ ಒಂದು ಅಪರಾಧವೇ.

ಕೌಲಿಯ ಕಥೆ ಇದಕ್ಕಿಂತ ಕಹಿಯಾದದ್ದು. ಸ್ಟಾಲಿನ್ ತನ್ನ ಹಳೆಯ ಸಂಗಾತಿಗಳನ್ನು ಮಾಸ್ಕೋದ ನ್ಯಾಯಾಲಯಗಳಲ್ಲಿ ನಿಲ್ಲಿಸಿ, ಮಾಡದ ಅಪರಾಧಗಳನ್ನು ಒಪ್ಪಿಸಿ ಕೊಲ್ಲಿಸುತ್ತಿದ್ದಾಗ, 1937ರಲ್ಲಿ ಕೌಲಿ ಆ ವಿಚಾರಣೆಯ ಅಧಿಕೃತ ವರದಿಯನ್ನು ವಿಮರ್ಶಿಸಿ, ತಪ್ಪೊಪ್ಪಿಗೆಗಳು ಬಹುಮಟ್ಟಿಗೆ ನಂಬತಕ್ಕವೆಂದು ಬರೆದರು. ಹಳೆಯ ಮಿತ್ರರು ಎಚ್ಚರಿಸಿದರು. ಎಡ್ಮಂಡ್ ವಿಲ್ಸನ್ ಕಟುವಾದ ಪತ್ರ ಬರೆದರು. ಕೌಲಿ ಬದಲಾಗಲು ತಡಮಾಡಿದರು. 1940ರಲ್ಲಷ್ಟೇ ಲೇಖಕರ ಒಕ್ಕೂಟದಿಂದ ಹೊರಬಂದರು. 1942ರಲ್ಲಿ ಸರ್ಕಾರದ ಒಂದು ಹುದ್ದೆಗೆ ಸೇರಿದಾಗ ಕಾಂಗ್ರೆಸ್ಸಿನ ಡೈಸ್ ಸಮಿತಿ ಇದೇ ಹಿಂದಿನ ನಂಟುಗಳನ್ನು ಎತ್ತಿ ಗದ್ದಲ ಮಾಡಿತು; ಕೆಲವೇ ವಾರಗಳಲ್ಲಿ ರಾಜೀನಾಮೆ ಕೊಡಬೇಕಾಯಿತು. ಬರ್ಕ್‌ನನ್ನೂ ಕಾಲ ಬಿಡಲಿಲ್ಲ. 1952ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗ ಅವರನ್ನು ಸಂದರ್ಶಕ ಅಧ್ಯಾಪಕರಾಗಿ ಕರೆಯಬಯಸಿದಾಗ, ಹಳೆಯ ರಾಜಕೀಯದ ಕಾರಣ ನೀಡಿ ಆಡಳಿತ ಅದನ್ನು ತಡೆಯಿತು. ಅದೇ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಹಿಂದೆ ಕೌಲಿ ಊರವರ ಪ್ರತಿಭಟನೆಯ ನಡುವೆಯೇ ಪಾಠ ಹೇಳಿ ಬಂದಿದ್ದರು.

ನನ್ನನ್ನು ಹೆಚ್ಚು ಕಾಡಿದ ಸಂಗತಿ ಇನ್ನೊಂದು. ಕೌಲಿಯ ಪ್ರಸಿದ್ಧ ಪುಸ್ತಕ 'ಎಕ್ಸೈಲ್ಸ್ ರಿಟರ್ನ್' ಮೊದಲು ಬಂದದ್ದು 1934ರಲ್ಲಿ. 1951ರಲ್ಲಿ ಪರಿಷ್ಕರಿಸಿ ಮತ್ತೆ ಪ್ರಕಟಿಸಿದಾಗ ರಾಜಕೀಯ ಆವೇಶದ ಕೊನೆಯ ಭಾಗವನ್ನು ತೆಗೆದು, ಬೇರೆಯಾಗಿ ಬರೆದರು. ಬರ್ಕ್‌ನ 'ಪರ್ಮನೆನ್ಸ್ ಅಂಡ್ ಚೇಂಜ್' 1935ರದು. 1954ರ ಎರಡನೆಯ ಆವೃತ್ತಿಯಲ್ಲಿ ಕಮ್ಯುನಿಸಮ್ಮಿನ ಪರವಾದ ಪುಟಗಳು ಮಾಯವಾದವು. ಎಷ್ಟೋ ಜನರ ಕೆಲಸ ಹೋಗುತ್ತಿದ್ದ, ಸಾಕ್ಷಿ ಹೇಳಿಸುತ್ತಿದ್ದ ಮೆಕಾರ್ಥಿಯ ಕಾಲವದು. ಮೂರು ವರ್ಷಗಳ ಅಂತರದಲ್ಲಿ ಇಬ್ಬರು ಗೆಳೆಯರೂ ತಮ್ಮ ತಮ್ಮ ಪುಸ್ತಕಗಳ ಮೇಲೆ ಕೆಂಪು ಶಾಯಿ ಓಡಿಸಿ, ಕೆಂಪು ಬಣ್ಣವನ್ನೇ ಅಳಿಸಿದರು!

ಇದನ್ನು ಹೇಡಿತನವೆಂದು ಕರೆದವರಿದ್ದಾರೆ. ನಾನು ಕರೆಯಲಾರೆ, ಸಮರ್ಥಿಸಲೂ ಆರೆ. ನಂಬಿಕೆ ಹೋದಮೇಲೆ ನಂಬಿಕೆಯ ಪುಟಗಳನ್ನು ಉಳಿಸಿಕೊಳ್ಳುವುದು ಪ್ರಾಮಾಣಿಕತೆಯೋ, ತೆಗೆಯುವುದು ಪ್ರಾಮಾಣಿಕತೆಯೋ? ಬರ್ಕ್ ತೆಗೆದದ್ದನ್ನು ಓದುಗರಿಂದ ಮುಚ್ಚಿಡಲಿಲ್ಲ. ಕೌಲಿ ತಮ್ಮ ಮೂವತ್ತರ ದಶಕದ ನೆನಪುಗಳನ್ನು 'ದ ಡ್ರೀಮ್ ಆಫ್ ದ ಗೋಲ್ಡನ್ ಮೌಂಟನ್ಸ್' ಎಂಬ ಹೆಸರಿನಲ್ಲಿ ಬರೆದು ಪ್ರಕಟಿಸಿದ್ದು 1980ರಲ್ಲಿ, ಎಂಬತ್ತು ದಾಟಿದ ಮೇಲೆ. ಅದೂ ಮಾಸ್ಕೋ ವಿಚಾರಣೆಗಳಿಗೆ ಮೊದಲೇ, ದಶಕದ ನಡುವಿನಲ್ಲಿ ನಿಲ್ಲುತ್ತದೆ. ಹೇಳಬೇಕಾದದ್ದು ಯಾವುದೋ ಅದರ ಬಾಗಿಲಿನವರೆಗೆ ಬಂದು ಮುದುಕರು ಕೋಲೂರಿ ನಿಂತಂತೆ.

ನನ್ನ ಅಭಿಮತವಿಷ್ಟು. ಪುಸ್ತಕವನ್ನು ಪರಿಷ್ಕರಿಸಬಹುದು. ಆತ್ಮಕಥೆಯನ್ನು ಬೇಕಾದಲ್ಲಿ ನಿಲ್ಲಿಸಬಹುದು. ಗೆಳೆಯನ ಪೆಟ್ಟಿಗೆಯಲ್ಲಿರುವ ಕಾಗದವನ್ನು ಪರಿಷ್ಕರಿಸಲು ಬರುವುದಿಲ್ಲ. ಕೌಲಿ ಏನೆಲ್ಲ ನಂಬಿದ್ದರೋ ಅದು ಆಂಡೋವರಿನ ತೋಟದ ಮನೆಯಲ್ಲಿತ್ತು. ಬರ್ಕ್ ಏನೆಲ್ಲ ಹಲುಬಿದ್ದರೋ ಅದು ಶರ್ಮನ್ನಿನ ಕೊಟ್ಟಿಗೆಮನೆಯಲ್ಲಿತ್ತು. ಬೇಕೆಂದರೆ ಒಬ್ಬನು ಇನ್ನೊಬ್ಬನನ್ನು ಒಂದೇ ದಿನದಲ್ಲಿ ಮುಗಿಸಬಹುದಾಗಿತ್ತು. ಹಳೆಯ ಸಂಗಾತಿಗಳ ಹೆಸರು ಹೇಳಿ ತಾವು ಪಾರಾದವರು ಆ ಕಾಲದಲ್ಲಿ ಕಡಿಮೆಯೇನಿರಲಿಲ್ಲ. ಇವರು ಹಾಗೆ ಮಾಡಲಿಲ್ಲ. ಅಭಿಪ್ರಾಯ ಒಂದಾಗಿದ್ದುದರಿಂದ ಸ್ನೇಹ ಉಳಿಯಿತು ಎನ್ನುವವರಿಗೆ ಈ ಕಾಗದಗಳನ್ನು ಓದಿ ಎನ್ನುತ್ತೇನೆ, ಪುಟಕ್ಕೊಂದು ತಕರಾರಿದೆ. ಮಾಸ್ಕೋವನ್ನು ಸಮರ್ಥಿಸಿದವನ ಗೆಳೆತನವನ್ನು ಕಡಿದುಕೊಳ್ಳಬೇಕಾಗಿತ್ತು ಎನ್ನುವವರಿಗೂ ಒಂದು ಮಾತು ಹೇಳಬೇಕು. ಕಡಿದುಕೊಂಡಿದ್ದರೆ ಕೌಲಿಗೆ ತಮ್ಮ ತಪ್ಪನ್ನು ಯಾರ ಮುಂದೆ ನೆನೆಯಲು ಸಾಧ್ಯವಿತ್ತು? ಖಂಡಿಸುವವರು ಸಾವಿರ ಜನ ಇರುತ್ತಾರೆ. ನಾವು ಹುಡುಗರಾಗಿದ್ದಾಗ ಹೇಗಿದ್ದೆವೆಂದು ತಿಳಿದೂ ಖಂಡಿಸಬಲ್ಲವನು ಒಬ್ಬನೇ ಇರುತ್ತಾನೆ.

ಮುಪ್ಪಿನ ಕಾಗದಗಳಲ್ಲಿ ಕ್ರಾಂತಿಗಿಂತ ಕಾಯಿಲೆಯ ಮಾತು ಹೆಚ್ಚು. ರಕ್ತದೊತ್ತಡ, ನಿದ್ರಾಹೀನತೆ, ಕುಡಿತವನ್ನು ಬಿಡುವ ಸಂಕಲ್ಪ, ಮರುವಾರ ಅದರ ಭಂಗ. ಬರ್ಕ್ ತಮ್ಮ ಉಸಿರಿನ ತೊಂದರೆಗೂ ಒಂದು ಹಾಸ್ಯದ ಹೆಸರಿಟ್ಟುಕೊಂಡಿದ್ದರು. ಅವರ ಹೆಂಡತಿ ಲಿಬ್ಬಿ ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಕಾಯಿಲೆಯಿಂದ ನರಳಿ 1969ರಲ್ಲಿ ತೀರಿಕೊಂಡರು. 1981ರಲ್ಲಿ ಮೊಮ್ಮಗ, ಪ್ರಸಿದ್ಧ ಗಾಯಕ ಹ್ಯಾರಿ ಚೇಪಿನ್, ಕಾರಿನ ಅಪಘಾತದಲ್ಲಿ ಮೂವತ್ತೆಂಟನೆಯ ವಯಸ್ಸಿಗೇ ಹೋದ. ಅಜ್ಜನಿಗೆ ಆಗ ಎಂಬತ್ತನಾಲ್ಕು. ಕೌಲಿ 1980ರಲ್ಲಿ 'ದ ವ್ಯೂ ಫ್ರಮ್ ಎಯ್ಟಿ' ಎಂಬ ಪುಟ್ಟ ಪುಸ್ತಕ ಬರೆದರು. ಮುದಿತನ ಬಂತೆಂದು ದೇಹ ಕಳುಹಿಸುವ ಸಂದೇಶಗಳ ಪಟ್ಟಿ ಅದರಲ್ಲಿದೆ. ಓದುತ್ತ ಓದುತ್ತ ನಾನು ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆ, ಬಹುತೇಕ ಎಲ್ಲಕ್ಕೂ ಗುರುತು ಬಿತ್ತು. ಮನೆಯಾಕೆ ನೋಡಿ, "ಅರವತ್ತಕ್ಕೇ ಎಂಬತ್ತರ ಪಾಠ ಮುಗಿಸಿಬಿಟ್ಟಿರಿ" ಎಂದಳು.

ಕೌಲಿ 1989ರ ಮಾರ್ಚಿನಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಬರ್ಕ್ ಅದೇ ಆಂಡೋವರಿನ ಮನೆಯಲ್ಲಿ 1993ರ ನವೆಂಬರಿನವರೆಗೆ, ತೊಂಬತ್ತಾರು ವರ್ಷ ಬದುಕಿದ್ದರು. ಕೌಲಿಯ ಕಾಗದಪತ್ರಗಳು ಶಿಕಾಗೋದ ನ್ಯೂಬರಿ ಗ್ರಂಥಾಲಯದಲ್ಲಿವೆ, ಬರ್ಕ್‌ನವು ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿವೆ. ಸಂಪಾದಕರು ಎರಡೂ ಕಡೆಯದನ್ನು ಕೂಡಿಸಿದ್ದರಿಂದಲೇ ಪ್ರಶ್ನೆಯ ಎದುರಿಗೆ ಉತ್ತರ ಸಿಗುತ್ತದೆ.

ಇಲ್ಲಿಗೆ ಮುಗಿಸಬಹುದಾಗಿತ್ತು. ಆದರೆ ಈ ಪುಸ್ತಕ ಓದುವಾಗ ನನ್ನನ್ನು ಕುಟುಕುತ್ತಿದ್ದ ಒಂದು ವಿಷಯವನ್ನು ಹೇಳದಿದ್ದರೆ ಮೇಲಿನ ಅಭಿಮತಕ್ಕೆಲ್ಲ ಬೆಲೆಯಿಲ್ಲ. ನಿಮ್ಮಲ್ಲಿ ಹಿರಿಯರಾದವರು ನನ್ನ ಒಬ್ಬ ಗೆಳೆಯನನ್ನು ಕಂಡಿರಬಹುದು. ಶಾಲಾ ವಾರ್ಷಿಕೋತ್ಸವಕ್ಕೆ ಬಂದು ಹಾಡುತ್ತಿದ್ದ. ಹೆಸರು ಬೇಡ. ಬಿ.ಎಡ್.ನಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. 1982ರ ಗೋಕಾಕ್ ಚಳವಳಿಯಲ್ಲಿ ಒಂದೇ ಬ್ಯಾನರಿನ ಎರಡು ಕೋಲು ಹಿಡಿದು ನಡೆದವರು. ಅವನಿಗೆ ಒಂದು ಊರಿಗೆ, ನನಗೆ ಇನ್ನೊಂದು ಊರಿಗೆ ನೇಮಕವಾದ ಮೇಲೆ ಹತ್ತು ವರ್ಷ ವಾರಕ್ಕೊಂದು ಇನ್‌ಲ್ಯಾಂಡ್ ಲೆಟರು ತಪ್ಪಲಿಲ್ಲ. 1993ರಲ್ಲಿ ಅವನು ತನ್ನ ಮಗಳನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದನೆಂದು ಕೇಳಿದೆ. ಆ ರಾತ್ರಿಯೇ ಕುಳಿತು ನಾಲ್ಕು ಪುಟ ಬರೆದೆ. ಕನ್ನಡದ್ರೋಹಿ ಎಂಬ ಶಬ್ದವನ್ನೂ ಬಳಸಿದೆ. ಉತ್ತರ ಬರಲಿಲ್ಲ, ನಾನೂ ಮತ್ತೆ ಬರೆಯಲಿಲ್ಲ. ಮದುವೆ ಮುಂಜಿಗಳಲ್ಲಿ ಎದುರಾದರೆ ನಮಸ್ಕಾರ, ಅಷ್ಟೇ. 2019ರಲ್ಲಿ ಅವನು ಹೃದಯಾಘಾತದಿಂದ ತೀರಿಕೊಂಡ. ನಾನು ವೈಕುಂಠ ಸಮಾರಾಧನೆಗೆ ಹೋಗಿ ಉಂಡು ಬಂದೆ.

ಮೂರು ವರ್ಷದ ಮೇಲೆ ಅದೇ ಮಗಳು ನಮ್ಮ ಮನೆಗೆ ಬಂದಳು. "ಮಾಮ, ಅಪ್ಪನ ಟ್ರಂಕಿನಲ್ಲಿ ಇವು ಇದ್ದವು, ನಿಮಗೆ ಸೇರಬೇಕಾದ್ದು" ಎಂದು ದಾರದಿಂದ ಕಟ್ಟಿದ ಒಂದು ಕಟ್ಟು ಕೊಟ್ಟಳು. ನನ್ನ ಕಾಗದಗಳು. ಒಂದೂ ತಪ್ಪದಂತೆ ತಾರೀಖಿನ ಪ್ರಕಾರ ಜೋಡಿಸಿದ್ದ. ಆ ನಾಲ್ಕು ಪುಟ ಎಲ್ಲಕ್ಕಿಂತ ಮೇಲಿರುತ್ತದೆಂದು ಅಂದುಕೊಂಡಿದ್ದೆ; ತಾರೀಖಿನ ಪ್ರಕಾರ ಅದು ಕೊನೆಯದು, ಕೆಳಗಿತ್ತು. ನಡುವೆ 1988ರ ಜೂನಿನ ಒಂದು ಇನ್‌ಲ್ಯಾಂಡ್ ಸಿಕ್ಕಿತು. ಅದರಲ್ಲಿ ನಾನು, ನನ್ನ ಸ್ವಂತ ದುಂಡು ಅಕ್ಷರದಲ್ಲಿ, ಅವನಿದ್ದ ಊರಿನ ಇಂಗ್ಲಿಷ್ ಮೀಡಿಯಂ ಶಾಲೆಯೊಂದರ ಅರ್ಜಿಯನ್ನು ನನ್ನ ಮಗನಿಗಾಗಿ ತೆಗೆದಿಡಲು ಕೇಳಿದ್ದೆ. ಯಾರಿಗೂ ಹೇಳಬೇಡ ಎಂದೂ ಬರೆದಿದ್ದೆ. ಆ ವರ್ಷ ವರ್ಗಾವಣೆ ಆಗದೆ ವಿಷಯ ಅಲ್ಲಿಗೇ ನಿಂತು, ಮಗ ಕನ್ನಡ ಶಾಲೆಯಲ್ಲೇ ಓದಿದ. ಅದನ್ನು ನಾನು ಎಷ್ಟು ವೇದಿಕೆಗಳ ಮೇಲೆ ಹೇಳಿಕೊಂಡಿದ್ದೇನೆಂಬುದಕ್ಕೆ ನೀವೆಲ್ಲ ಸಾಕ್ಷಿ. ಇದನ್ನು ಓದುತ್ತಿರುವ ಮಗನಿಗೂ ಇದು ಹೊಸ ಸುದ್ದಿ. ಸುಳ್ಳು ಹೇಳಿದೆನೆಂದಲ್ಲ. ಆ ಕಾಗದವನ್ನು ಬರೆದದ್ದೇ ನನಗೆ ಮರೆತುಹೋಗಿತ್ತು, ದೇವರಾಣೆಗೂ ಮರೆತುಹೋಗಿತ್ತು.

ಅವನಿಗೆ ಮರೆತಿರಲಿಲ್ಲ. 1993ರಲ್ಲಿ ಆ ಇನ್‌ಲ್ಯಾಂಡನ್ನು ಒಂದು ಲಕೋಟೆಯಲ್ಲಿ ಹಾಕಿ ನನಗೇ ಕಳುಹಿಸಿದ್ದರೆ ಸಾಕಾಗಿತ್ತು. ಇಪ್ಪತ್ತಾರು ವರ್ಷ ಅವನು ಅದನ್ನು ಮಾಡಲಿಲ್ಲ, ಯಾರಿಗೂ ತೋರಿಸಲೂ ಇಲ್ಲ.

ಮಗಳು ಹೊರಡುವಾಗ ಬಾಗಿಲ ಬಳಿ ನಿಂತು, "ಅಪ್ಪ ನಿಮಗೆ ಬರೆದ ಕಾಗದಗಳು ನಿಮ್ಮ ಹತ್ತಿರ ಇರಬೇಕಲ್ಲ ಮಾಮ? ಒಮ್ಮೆ ಓದಬಹುದೆ? ಅವರ ಕೈಬರಹ ನಮ್ಮ ಹತ್ತಿರ ಹೆಚ್ಚೇನೂ ಇಲ್ಲ" ಎಂದು ಕೇಳಿದಳು. 1996ರಲ್ಲಿ ಮನೆ ಬದಲಾಯಿಸುವಾಗ ಅವನ್ನೆಲ್ಲ ಹಳೆಯ ಉತ್ತರಪತ್ರಿಕೆಗಳ ಜೊತೆಗೆ ರದ್ದಿಗೆ ಹಾಕಿದ್ದೆನೆಂದು ಅವಳಿಗೆ ಹೇಳಿದೆ.